ಎರಡೂ ವಿಶ್ವವಿದ್ಯಾಲಯಗಳ ಪದವೀಧರ

ನಾನು ಎರಡು ವಿಶ್ವವಿದ್ಯಾಲಯಗಳಲ್ಲಿ ಓದಿದವನೆಂದು ನಮ್ಮ ಬೀದಿಯವರೆಲ್ಲ ಐದು ದಿನ ನಂಬಿದ್ದರು. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಒಂದರಲ್ಲಿ ಓದಿದವನೆಂದು ನಂಬಿದ್ದರು. ಈ ಎರಡು ನಂಬಿಕೆಗಳಿಗೂ ನಾನು ಒಂದು ಮಾತನ್ನೂ ಖರ್ಚು ಮಾಡಿರಲಿಲ್ಲ. ಸುಳ್ಳು ಹೇಳುವುದಕ್ಕೆ ಧೈರ್ಯ ಬೇಕು, ನನ್ನಲ್ಲಿ ಅಷ್ಟಿಲ್ಲ. ನಾನು ಸುಮ್ಮನಿದ್ದೆ. ಓದಿನ ಬಗ್ಗೆ ಬಾಯಿಬಿಟ್ಟು ಹೇಳಿದ ಮೊದಲ ಸುಳ್ಳು ಬುಧವಾರ ಸಂಜೆಯದು, ಅದಕ್ಕೆ ಆಮೇಲೆ ಬರುತ್ತೇನೆ. ಬರುವುದಕ್ಕೆ ಅವಸರವೇನೂ ಇಲ್ಲ.

ಎಲ್ಲಕ್ಕೂ ಮೂಲ ಒಂದು ಫೋಟೋ. ನನ್ನದು ಫೋಟೋ ಸ್ಟುಡಿಯೋ. ಮೊದಲು ಅದು ನನ್ನ ಯಜಮಾನರದಾಗಿತ್ತು. ನಾನು ಅವರ ಕೈಕೆಳಗೆ ಕತ್ತಲೆಕೋಣೆಯಲ್ಲಿ ಪ್ರಿಂಟು ತೊಳೆಯುತ್ತಿದ್ದೆ. ನಮ್ಮ ಕಡೆಗೆ ಎರಡು ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳು. ಒಂದೊಂದರಲ್ಲೂ ನಲವತ್ತು ಸಾವಿರ ಮಕ್ಕಳು. ಒಂದು ನಮ್ಮೂರಿನಲ್ಲೇ ಇದೆ, ಗಡಿಯಾರದ ಗೋಪುರವಿರುವ ಕಲ್ಲಿನ ಕಟ್ಟಡ. ಇನ್ನೊಂದು ರೈಲಿನಲ್ಲಿ ಆರು ಗಂಟೆಯ ದಾರಿ. ಪದವಿ ಕೊಡುವ ದಿನ ಮೊದಲನೆಯದರವರು ಕಪ್ಪು ಗೌನಿನ ಮೇಲೆ ಕೆಂಪು ಪಟ್ಟಿ ಹಾಕುತ್ತಾರೆ, ಎರಡನೆಯದರವರು ನೀಲಿ ಪಟ್ಟಿ. ಹೀಗಾಗಿ ಜನರ ಬಾಯಲ್ಲಿ ಒಂದು ಕೆಂಪು, ಇನ್ನೊಂದು ನೀಲಿ. ಸಮಾರಂಭಕ್ಕೆ ಹೋಗಲಾಗದೆ ಅಂಚೆಯಲ್ಲಿ ಪದವಿ ತರಿಸಿಕೊಂಡ ಊರಿನ ಮಕ್ಕಳು ನಮ್ಮ ಸ್ಟುಡಿಯೋಕ್ಕೆ ಬಂದು ಗೌನು ಹಾಕಿಕೊಂಡು ಫೋಟೋ ತೆಗೆಸುತ್ತಿದ್ದರು. ಗೌನು ಒಂದೇ ಇತ್ತು. ಪಟ್ಟಿ ಮಾತ್ರ ಎರಡು, ಅಕ್ಕಪಕ್ಕ ಮೊಳೆಗೆ ತೂಗುತ್ತಿದ್ದವು.

ಆಗ ಅರ್ಜಿಗೆ ಅಂಟಿಸುವ ಫೋಟೋಗಳನ್ನು ಕಪ್ಪುಬಿಳುಪಿನಲ್ಲೇ ತೆಗೆದು ನಾವೇ ತೊಳೆಯುತ್ತಿದ್ದೆವು. ಒಂದು ದಿನ ಗಿರಾಕಿಯೊಬ್ಬರಿಗೆ ಅರ್ಧ ಗಂಟೆಯಲ್ಲಿ ಫೋಟೋ ಬೇಕಾಗಿತ್ತು. ರೋಲಿನಲ್ಲಿ ಇನ್ನೂ ಒಂದು ಫ್ರೇಮ್ ಉಳಿದಿತ್ತು. ಫ್ರೇಮ್ ಉಳಿದಿರುವ ರೋಲನ್ನು ತೊಳೆಯುವುದು ನಮ್ಮ ಯಜಮಾನರ ಲೆಕ್ಕದಲ್ಲಿ ಕೊಲೆಗೆ ಸಮಾನವಾದ ಅಪರಾಧ.

"ಲೇ, ಆ ಗೌನು ಹಾಕ್ಕೊಂಡು ಕೂತ್ಕೊಳ್ಳೋ, ಬೇಗ!" ಎಂದು ಕೂಗಿದರು.

ಕೈಗೆ ಸಿಕ್ಕ ಪಟ್ಟಿಯನ್ನು ಕೊರಳಿಗೆ ಎಳೆದುಕೊಂಡು ಕೂತೆ. ಯಾವ ಪಟ್ಟಿ ಎಂದು ನನಗೆ ಇವತ್ತಿಗೂ ನೆನಪಿಲ್ಲ. ಫೋಟೋ ಮಾತ್ರ ಬೊಂಬಾಟಾಗಿ ಬಂತು. ಗಲ್ಲ ತುಸು ಮೇಲೆ, ಕಣ್ಣು ಎಲ್ಲೋ ದೂರ, ಜ್ಞಾನದ ಭಾರಕ್ಕೆ ಭುಜ ಸ್ವಲ್ಪ ಇಳಿದ ಹಾಗೆ. ಗೌನು ನನಗಿಂತ ಎರಡು ಅಳತೆ ದೊಡ್ಡದಾಗಿತ್ತು, ಅದಕ್ಕೇ ಭುಜ ಇಳಿದದ್ದು. ಯಜಮಾನರು ಅದನ್ನು ದೊಡ್ಡದು ಮಾಡಿ ಮಾದರಿಗೆಂದು ಗಾಜಿನ ಕಪಾಟಿನಲ್ಲಿಟ್ಟರು. ಆಮೇಲೆ ಬಣ್ಣದ ಮಾದರಿಗಳು ಬಂದವು, ನನ್ನನ್ನು ಕೆಳಗಿಳಿಸಿದರು. ಮನೆಗೆ ತಂದು ನಡುಮನೆಯ ಗೋಡೆಯಲ್ಲಿದ್ದ ಬಿರುಕಿನ ಮೇಲೆ ನೇತುಹಾಕಿದೆ. ಬಿರುಕು ಅಚ್ಚುಕಟ್ಟಾಗಿ ಮುಚ್ಚಿಹೋಯಿತು.

ಮದುವೆಯ ಮಾತಿಗೆ ಹೆಂಡತಿಯ ಕಡೆಯವರು ಬಂದಾಗ ಅವಳ ತಂದೆ ಫೋಟೋದ ಮುಂದೆ ಎರಡು ನಿಮಿಷ ನಿಂತು, "ಓಹೋ, ಡಿಗ್ರಿ ಆಗಿದೆ," ಎಂದರು. ಗೋಡೆ ಬಿರುಕು ಬಿಟ್ಟಿದೆ ಎಂದು ನಾನು ಹೇಳಬೇಕಿತ್ತು. ತಲೆ ತಗ್ಗಿಸಿದೆ. "ವಿನಯವೂ ಇದೆ," ಎಂದರು. ಒಂದೇ ಸಂಜೆಯಲ್ಲಿ ನನಗೆ ಎರಡು ಅರ್ಹತೆಗಳು ಬಂದವು. ಮದುವೆಯಾದ ಮೇಲೆ ಹೆಂಡತಿ ಒಮ್ಮೆ, "ಕಾಲೇಜು ದಿನಗಳು ಹೇಗಿದ್ವು ರೀ?" ಎಂದು ಕೇಳಿದಳು. "ಹಳೇದೆಲ್ಲ ಈಗ್ಯಾಕೆ?" ಎಂದೆ. ಕಾಲೇಜಿನಲ್ಲಿ ಯಾವಳೋ ಇದ್ದಳು ಎಂದು ತಿಳಿದು ಅವಳು ಮತ್ತೆಂದೂ ಆ ಮಾತೆತ್ತಲಿಲ್ಲ.

ಹೀಗೆ ಇಪ್ಪತ್ತೆರಡು ವರ್ಷ ಕಳೆದವು. ಬೀದಿಯವರು ಅರ್ಜಿ ತುಂಬಿಸಿಕೊಳ್ಳಲು ನನ್ನ ಹತ್ತಿರ ಬಂದರು. ಡಿಗ್ರಿ ಇದ್ದೂ ಕ್ಯಾಮೆರಾ ಹಿಡಿದಿದ್ದಾರೆ, ಅಹಂಕಾರವಿಲ್ಲದ ಮನುಷ್ಯ ಎಂದು ಮಕ್ಕಳಿಗೆ ಬುದ್ಧಿ ಹೇಳಿದರು. ನಾನು ಅಭ್ಯಾಸದಂತೆ ತಲೆ ತಗ್ಗಿಸಿದೆ.

ಅಷ್ಟರಲ್ಲಿ ನನ್ನ ಮಗಳು ಬೆಳೆದು ಹನ್ನೆರಡನೇ ತರಗತಿ ಮುಗಿಸಿದಳು. ಅವಳಿಗೆ ಕಲ್ಲಿನ ಹುಚ್ಚು. ಚಿಕ್ಕಂದಿನಿಂದ ರಸ್ತೆಯಲ್ಲಿ ಸಿಕ್ಕಿದ ಕಲ್ಲನ್ನೆಲ್ಲ ಮನೆಗೆ ತಂದು ಹೆಸರು ಬರೆದು ಕಿಟಕಿಯಲ್ಲಿ ಜೋಡಿಸುತ್ತಿದ್ದಳು. ಭೂವಿಜ್ಞಾನಕ್ಕೆ ಅರ್ಜಿ ಹಾಕಿದಳು. ಕೆಂಪಿನಲ್ಲೂ ಸೀಟು ಸಿಕ್ಕಿತು, ನೀಲಿಯಲ್ಲೂ ಸಿಕ್ಕಿತು. ಶುಕ್ರವಾರ ಸಂಜೆ ಐದರೊಳಗೆ ಯಾವುದಾದರೂ ಒಂದನ್ನು ಒಪ್ಪಿಕೊಳ್ಳಬೇಕು. ಒಂದನ್ನು ಒಪ್ಪಿದರೆ ಇನ್ನೊಂದು ತಾನಾಗಿಯೇ ಕೈಬಿಟ್ಟು ಹೋಗುತ್ತದೆ.

ಮಗಳು ಅಡುಗೆಮನೆಯ ಬಾಗಿಲಿಗೆ ಒಂದು ಹಾಳೆ ಅಂಟಿಸಿ ನಡುವೆ ಗೆರೆ ಎಳೆದಳು. ಎಡಕ್ಕೆ ಕೆಂಪು: ಮನೆಗೆ ಹತ್ತಿರ, ಹಳೆಯ ಹೆಸರು, ದೊಡ್ಡ ಗ್ರಂಥಾಲಯ, ಅಮ್ಮನ ಅಡುಗೆ. ಬಲಕ್ಕೆ ನೀಲಿ: ಮೊದಲ ವರ್ಷದಿಂದಲೇ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತಾರೆ, ಸ್ವಂತ ಸುತ್ತಿಗೆ ಕೊಡುತ್ತಾರೆ, ಹೀಗೆ ಏಳು ಅಂಶಗಳು. ಕೆಂಪಿನಲ್ಲಿ ಕಲ್ಲುಗಳು ಗಾಜಿನ ಬೀರುವಿನಲ್ಲಿವೆಯಂತೆ, ಬೀಗದ ಕೈ ಇದ್ದವರು ರಜೆಯಲ್ಲಿದ್ದಾರಂತೆ. ನೀಲಿ ಏಳು, ಕೆಂಪು ನಾಲ್ಕು. ಲೆಕ್ಕ ಮುಗಿದೇಹೋಗಿತ್ತು. ಭಾನುವಾರ ಬರದೇ ಇದ್ದಿದ್ದರೆ ನಾನು ಈ ಕಥೆ ಹೇಳಬೇಕಾಗಿಯೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರು ಸಲಹೆ ಕೊಡಲು ಬಂದರು. ಯಾರೂ ಕೇಳಿರಲಿಲ್ಲ. ಅವರು ಕೆಂಪಿನಲ್ಲಿ ಓದಿದವರು. ಹತ್ತು ನಿಮಿಷಕ್ಕೆ ನನ್ನ ಹೆಂಡತಿಯ ಅಣ್ಣ, ಅಂದರೆ ನನ್ನ ಭಾವ, ಬಂದರು. ಅವರು ನೀಲಿಯಲ್ಲಿ ಓದಿದವರು, ವಿಮಾ ಕಚೇರಿಯ ಅಧಿಕಾರಿ. ಶೇಕಡಾವಾರು ಸೇರಿಸದೆ ಊಟ ಚೆನ್ನಾಗಿದೆ ಎಂದು ಹೇಳುವುದೂ ಅವರಿಗೆ ಬಾರದು.

"ಯೋಚನೆ ಯಾಕಮ್ಮ?" ಎಂದರು ಹೆಡ್‌ಮಾಸ್ಟರು ಮಗಳಿಗೆ. "ನಿಮ್ಮಪ್ಪ ಓದಿದ ಕಡೆನೇ ಓದು. ಕೆಂಪು."

"ಕೆಂಪಾ?" ಎಂದರು ಭಾವ. "ನಮ್ಮ ಭಾವನೋರು ಓದಿದ್ದು ನೀಲೀಲಿ. ಫೋಟೋ ನೋಡಿದ್ರೆ ಗೊತ್ತಾಗಲ್ವಾ? ನೂರಕ್ಕೆ ತೊಂಬತ್ತೈದು ಪಾಲು ನೀಲಿ."

ಇಬ್ಬರೂ ಎದ್ದು ಫೋಟೋದ ಮುಂದೆ ನಿಂತರು. ಕಪ್ಪುಬಿಳುಪಿನಲ್ಲಿ ಕೆಂಪೂ ಬೂದು, ನೀಲಿಯೂ ಬೂದು. ಇಪ್ಪತ್ತೆರಡು ವರ್ಷ ಹೆಡ್‌ಮಾಸ್ಟರಿಗೆ ಆ ಬೂದು ಕೆಂಪಾಗಿ ಕಂಡಿತ್ತು, ಭಾವನಿಗೆ ನೀಲಿಯಾಗಿ ಕಂಡಿತ್ತು. ಇಬ್ಬರೂ ಒಂದೇ ಹೊತ್ತಿಗೆ ನಮ್ಮ ಮನೆಗೆ ಬಂದಿರಲಿಲ್ಲ, ಅಷ್ಟೇ.

"ಈ ಬೂದು ಇದೆಯಲ್ಲ, ಇದು ಕೆಂಪು ಬೂದು," ಎಂದರು ಹೆಡ್‌ಮಾಸ್ಟರು.

"ಬೂದಿನಲ್ಲಿ ಕೆಂಪು ಬೂದು ಅಂತ ಬೇರೆ ಇದೆಯಾ ಮೇಷ್ಟ್ರೇ? ನೀವು ಮಕ್ಕಳಿಗೆ ಪಾಠ ಹೇಳಿದ್ದು ಹೀಗೇನಾ?"

"ಏನ್ರೀ ಹಾಗಂದ್ರೆ? ಭೂತಗನ್ನಡಿ ತರಿಸಿ!"

ಸ್ಟುಡಿಯೋದ ಭೂತಗನ್ನಡಿ ಬಂತು. ಹೆಡ್‌ಮಾಸ್ಟರು ಕುರ್ಚಿ ಹತ್ತಿ ನನ್ನ ಕೊರಳನ್ನು ಪರೀಕ್ಷಿಸಿದರು. ಆಮೇಲೆ ಭಾವ ಹತ್ತಿದರು. ಇಷ್ಟು ಹೊತ್ತೂ ನಾನು ಅಲ್ಲೇ ಎರಡು ಮಾರು ದೂರದಲ್ಲಿ ಜೀವಂತವಾಗಿ ಕೂತಿದ್ದೆ. ನನ್ನನ್ನು ಕೇಳಿದರೆ ಮುಗಿಯುತ್ತಿತ್ತು ಎಂಬುದು ಮೊದಲು ಹೊಳೆದದ್ದು ನನ್ನ ಹೆಂಡತಿಗೆ.

"ನೀವೇ ಹೇಳಿಬಿಡಿ ರೀ," ಎಂದಳು.

ನಾಲ್ಕು ಜನರೂ ನನ್ನತ್ತ ತಿರುಗಿದರು. ಒಂದನ್ನು ಹೇಳಿದರೆ ಇನ್ನೊಬ್ಬರಿಗೆ ಅವಮಾನ, ಯಾವುದೂ ಅಲ್ಲ ಎಂದರೆ ನನಗೆ ಅವಮಾನ. "ಎರಡೂ ಒಳ್ಳೇವೇ," ಎಂದೆ.

ಕುರ್ಚಿಯ ಮೇಲೆ ನಿಂತಿದ್ದ ಭಾವ ಮೆಲ್ಲಗೆ ಕೆಳಗಿಳಿದರು. "ಅಂದ್ರೆ... ಎರಡರಲ್ಲೂ ಓದಿದ್ದೀರಾ?"

"ಹೌದಲ್ವೇ!" ಎಂದರು ಹೆಡ್‌ಮಾಸ್ಟರು. "ಬಿ.ಎ. ಕೆಂಪಿನಲ್ಲಿ, ಎಂ.ಎ. ನೀಲಿಯಲ್ಲಿ! ಇಷ್ಟು ವರ್ಷ ಬಾಯಿ ಬಿಡಲಿಲ್ಲ ನೋಡಿ ಫೋಟೋದೋರು!"

"ದೊಡ್ಡ ಡಿಗ್ರಿ ನಮ್ಮದೇ ಆಯ್ತಲ್ಲ," ಎಂದರು ಭಾವ. ಇಬ್ಬರೂ ಕೈಕುಲುಕಿದರು. ನನ್ನ ಕೈಯನ್ನೂ ಕುಲುಕಿದರು. ಹೆಂಡತಿ ನನ್ನನ್ನು ನೋಡಿದ ನೋಟದಲ್ಲಿ ಹೊಸದೊಂದು ಗೌರವವಿತ್ತು. ನಾನು ತಲೆ ತಗ್ಗಿಸಿದೆ. ಈ ತಲೆಯನ್ನು ಒಮ್ಮೆಯಾದರೂ ಅಡ್ಡಡ್ಡ ಆಡಿಸಿದ್ದರೆ ಎಷ್ಟೋ ಉಳಿಯುತ್ತಿತ್ತು.

ಸೋಮವಾರದ ಹೊತ್ತಿಗೆ ಬೀದಿಯಲ್ಲಿ ನನ್ನ ಹೆಸರು ಡಬಲ್ ಡಿಗ್ರಿ ಎಂದಾಗಿತ್ತು. ಮಂಗಳವಾರ ಹೆಡ್‌ಮಾಸ್ಟರು ಬಂದು, ಈ ವರ್ಷ ನಮ್ಮ ಸುತ್ತಿನ ಹನ್ನೊಂದು ಮಕ್ಕಳಿಗೆ ಎರಡೂ ಕಡೆ ಸೀಟು ಸಿಕ್ಕಿದೆ, ತಾಯಿತಂದೆಯರು ತಲೆಕೆಡಿಸಿಕೊಂಡಿದ್ದಾರೆ, ಎರಡನ್ನೂ ಉಂಡು ಅರಗಿಸಿಕೊಂಡವರು ನೀವೊಬ್ಬರೇ, ನಾಳೆ ವಾಚನಾಲಯದ ಹಾಲ್‌ನಲ್ಲಿ ಅರ್ಧ ಗಂಟೆ ಮಾತಾಡಿ ಎಂದರು. ನೆಗಡಿ ಎಂದೆ. ಮೈಕ್ ಇದೆ ಎಂದರು.

ಬುಧವಾರ ಸಂಜೆ ಹಾಲ್‌ನಲ್ಲಿ ಕೂರಲು ಜಾಗವಿರಲಿಲ್ಲ. ಮುಂದಿನ ಸಾಲಿನಲ್ಲಿ ನನ್ನ ಮಗಳು ನೋಟ್‌ಬುಕ್ ತೆರೆದು ಕೂತಿದ್ದಳು. ಅವಳ ಪಕ್ಕದಲ್ಲಿ ಹೆಡ್‌ಮಾಸ್ಟರ ಹಳೆಯ ಶಿಷ್ಯರೊಬ್ಬರು, ಕೆಂಪು ವಿಶ್ವವಿದ್ಯಾಲಯದ ಸಹಾಯಕ ರಿಜಿಸ್ಟ್ರಾರ್. ಅವರನ್ನು ನೋಡಿದ ಕೂಡಲೇ ನಾನು ಮೈಕ್ ಸ್ಟ್ಯಾಂಡಿನ ಹಿಂದೆ ಸರಿದು ನಿಂತೆ.

ಇಲ್ಲಿ ನಾನು ಬಾಯಿ ಬಿಟ್ಟೆ. "ಕೆಂಪಿನಲ್ಲಿ ಕಟ್ಟಡ ಹಳೇದು, ಮರಗಳು ಹೊಸವು," ಎಂದೆ. "ನೀಲಿಯಲ್ಲಿ ಮರಗಳು ಹಳೇವು, ಕಟ್ಟಡ ಹೊಸದು." ಜನ ಬರೆದುಕೊಂಡರು. "ಓದೋರಿಗೆ ಎರಡೂ ಹತ್ತಿರ, ಓದದೋರಿಗೆ ಎರಡೂ ದೂರ." ಚಪ್ಪಾಳೆ ಬಿತ್ತು. ನನಗೆ ಉತ್ಸಾಹ ಬಂತು. "ನಾವು ಓದೋ ಕಾಲದಲ್ಲಿ," ಎಂದು ಶುರುಮಾಡಿದೆ. ಅದೇ ಆ ಸುಳ್ಳು. ಅದು ಬಾಯಿಂದ ಹೊರಬಿದ್ದ ಸುಖವನ್ನು ನೆನೆಸಿಕೊಂಡರೆ ಈಗಲೂ ನನಗೆ ಕಿವಿ ಕೆಂಪಾಗುತ್ತದೆ. ಗ್ರಂಥಾಲಯದಲ್ಲಿ ಜಾಗ ಹಿಡಿಯಲು ಬೆಳಗಿನ ಆರಕ್ಕೇ ಸಾಲು ನಿಂತೆ, ಗಡಿಯಾರದ ಗೋಪುರದ ಮೆಟ್ಟಿಲ ಮೇಲೆ ಕೂತು ಪರೀಕ್ಷೆಗೆ ಓದಿದೆ. ಗೋಪುರವನ್ನು ನಾನು ಕಂಡದ್ದು ರಸ್ತೆಯಿಂದ ಮಾತ್ರ, ಮೆಟ್ಟಿಲಿವೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಒಬ್ಬ ತಾಯಿ ಎದ್ದು, "ಹಾಸ್ಟೆಲಲ್ಲಿ ಬಿಸಿನೀರು ಬರುತ್ತಾ ಸಾರ್?" ಎಂದು ಕೇಳಿದರು.

"ಬರುವಾಗ ಬರುತ್ತೆ," ಎಂದೆ.

"ಅನುಭವ ಅಂದ್ರೆ ಇದು!" ಎಂದು ಹಿಂದಿನಿಂದ ಯಾರೋ ಕೂಗಿದರು.

ಕೊನೆಗೆ ಸಹಾಯಕ ರಿಜಿಸ್ಟ್ರಾರರು ಮೈಕ್ ಹಿಡಿದು, ಇಂಥ ಹಳೆಯ ವಿದ್ಯಾರ್ಥಿಗಳೇ ನಮ್ಮ ಆಸ್ತಿ ಎಂದರು. ಆಮೇಲೆ ಮಗಳ ಕಡೆ ತಿರುಗಿ, "ನಮ್ಮಲ್ಲಿ ಓದಿದೋರ ಮಕ್ಕಳಿಗೆ ಅಂತ ಫೀಸಲ್ಲಿ ಒಂದಿಷ್ಟು ರಿಯಾಯಿತಿ ಇಟ್ಟಿದ್ದೀವಮ್ಮ. ಅಪ್ಪನ ನೋಂದಣಿ ನಂಬರು ತಂದುಕೊಡು, ಉಳಿದದ್ದು ನಾನು ನೋಡ್ಕೋತೀನಿ," ಎಂದರು.

ಮರುದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲ ಹತ್ತಿರ ನಿಂತು ಹಾಳೆ ನೋಡಿದೆ. ಬಲಗಡೆಯ ಏಳು ಅಂಶಗಳಿಗೂ ಅಡ್ಡಗೆರೆ ಬಿದ್ದಿತ್ತು. ಎಡಗಡೆ ಐದನೆಯದಾಗಿ ಹೊಸದೊಂದು ಸೇರಿತ್ತು: ಅಪ್ಪ ಓದಿದ್ದು ಇಲ್ಲಿ.

"ಸುತ್ತಿಗೆ ಬೇಡವಾ?" ಎಂದೆ.

"ಸುತ್ತಿಗೆ ಅಂಗಡೀಲೂ ಸಿಗುತ್ತೆ ಅಪ್ಪ. ನಿನ್ನೆ ನೀನು ಆ ಮೆಟ್ಟಿಲ ವಿಷಯ ಹೇಳಿದೆಯಲ್ಲ, ಆಗಲೇ ತೀರ್ಮಾನ ಮಾಡಿಬಿಟ್ಟೆ. ನಾನೂ ಅಲ್ಲೇ ಕೂತು ಓದ್ತೀನಿ. ನಿನ್ನ ಸರ್ಟಿಫಿಕೇಟ್ ಎಲ್ಲಿ? ನಂಬರು ಬೇಕು."

ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಮನೆಯಲ್ಲಿ ನಾವಿಬ್ಬರೇ ಇದ್ದೆವು. ನಾನು ಗೆದ್ದಲು ಎಂದೆ. ಪೆಟ್ಟಿಗೆಗೆ ಗೆದ್ದಲು ಹಿಡಿದು ಸರ್ಟಿಫಿಕೇಟ್ ಪುಡಿಯಾಯಿತು ಎಂದೆ. ನಮ್ಮ ಮನೆಯಲ್ಲಿರುವ ಪೆಟ್ಟಿಗೆ ತಗಡಿನದು. ಮಗಳು ಸಹಾಯಕ ರಿಜಿಸ್ಟ್ರಾರರಿಗೆ ಫೋನು ಮಾಡಿದಳು. ಅವರು ನಕ್ಕು, ನಾಳೆ ಬೆಳಿಗ್ಗೆ ಬನ್ನಿ, ರಿಜಿಸ್ಟರ್ ನೋಡಿ ನಂಬರು ತೆಗೆಸಿಕೊಡ್ತೀನಿ, ನಿಂತ ಕಾಲಲ್ಲೇ ನಕಲು ಸರ್ಟಿಫಿಕೇಟೂ ಕೊಡಿಸ್ತೀನಿ ಎಂದರು. ಇಂಥ ಸಹಾಯ ಯಾವ ಶತ್ರುವಿಗೂ ಸಿಗದಿರಲಿ.

ಶುಕ್ರವಾರ ಹತ್ತಕ್ಕೆ ನಾವು ಕೆಂಪು ವಿಶ್ವವಿದ್ಯಾಲಯದ ದಾಖಲೆ ವಿಭಾಗದಲ್ಲಿದ್ದೆವು. ದಾರಿಯಲ್ಲಿ ಗಡಿಯಾರದ ಗೋಪುರ ಬಂತು. ಮೆಟ್ಟಿಲಿರಲಿಲ್ಲ. ಮಗಳು ಸುತ್ತ ಒಂದು ಸಲ ನೋಡಿದಳು. "ಆಮೇಲೆ ಒಡೆದುಹಾಕಿರಬೇಕು," ಎಂದು ತಾನೇ ನನಗೆ ಸಮಾಧಾನ ಹೇಳಿದಳು.

ದಾಖಲೆ ವಿಭಾಗ ಒಂದು ಉದ್ದನೆಯ ಕೋಣೆ. ಸೂರಿನವರೆಗೆ ಕಬ್ಬಿಣದ ರ್‍ಯಾಕುಗಳು, ಅವುಗಳ ತುಂಬ ಬಟ್ಟೆಯ ಬೆನ್ನಿನ ರಿಜಿಸ್ಟರುಗಳು. ಅಲ್ಲಿದ್ದ ಗುಮಾಸ್ತೆ ವಯಸ್ಸಾದ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದರು. ಯಾವ ವರ್ಷ ಎಂದು ಕೇಳಿದರು. ಬಾಯಿಗೆ ಬಂದ ವರ್ಷ ಹೇಳಿದೆ. ಅವರು ಏಣಿ ಹತ್ತಿ ರಿಜಿಸ್ಟರ್ ಇಳಿಸಿ, ಧೂಳು ಒರೆಸಿ, ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ನೋಡಿದರು. ನನ್ನ ಹೆಸರಿರಲಿಲ್ಲ.

"ಹಿಂದಿನ ವರ್ಷ ಇರಬಹುದಾ ಸಾರ್?"

"ಇರಬಹುದು," ಎಂದೆ.

ಮತ್ತೆ ಏಣಿ ಹತ್ತಿದರು. ಅದರಲ್ಲೂ ಇರಲಿಲ್ಲ. ಮುಂದಿನ ವರ್ಷದ್ದನ್ನೂ ಇಳಿಸಿದರು. ಅವರು ಮೊಣಕಾಲು ಹಿಡಿದುಕೊಂಡು ಇಳಿಯುವಾಗ ಮಗಳು ಓಡಿಹೋಗಿ ಏಣಿ ಹಿಡಿದಳು. ನಾನು ಕುರ್ಚಿಯಲ್ಲಿ ಕೂತು ಬೆವರು ಒರೆಸಿಕೊಂಡೆ. ಒಂದು ಗಂಟೆ ಹೀಗೇ ಕಳೆಯಿತು. ಮೂರನೆಯ ರಿಜಿಸ್ಟರಿನಲ್ಲಿ ಎರಡು ಹಾಳೆಗಳು ನೀರು ತಾಗಿ ಅಂಟಿಕೊಂಡಿದ್ದವು. ಅವನ್ನು ಬಿಡಿಸಲು ಹೋಗಿ ಹಾಳೆಯ ಅಂಚು ಹರಿಯಿತು. ಸರಿಯಾಗಿ ಆಗಲೇ ಸಹಾಯಕ ರಿಜಿಸ್ಟ್ರಾರರು ಒಳಗೆ ಬಂದರು.

"ಸಿಕ್ಕಿತಾ? ಇಲ್ವಾ? ಏನ್ರೀ ಇದು, ಹಾಳೆ ಹರಿದಿದ್ದೀರಾ?"

"ಅಂಟ್ಕೊಂಡಿತ್ತು ಸಾರ್. ಇದರಲ್ಲಿ ಇವರ ಹೆಸರು..."

"ಇವರ ಹೆಸರು ಇಲ್ಲ ಅಂದ್ರೆ ಹೇಗೆ ಇಲ್ಲ? ಇವರು ಇಲ್ಲೇ ಓದಿದೋರು. ಬುಧವಾರ ನಾನೇ ಇವರ ಭಾಷಣ ಕೇಳಿದ್ದೀನಿ! ಅಂದ್ರೆ ಹಾಳೆ ಕಳೆದುಹಾಕಿದ್ದೀರಿ ಅಂತ ಅರ್ಥ. ಇವತ್ತೇ ಮೆಮೋ ಕೊಡ್ತೀನಿ."

ಗುಮಾಸ್ತೆ ಕನ್ನಡಕ ತೆಗೆದು ಸೆರಗಿನ ತುದಿಯಿಂದ ಒರೆಸತೊಡಗಿದರು. "ನಿವೃತ್ತಿಗೆ ಇನ್ನು ಮೂರು ತಿಂಗಳಿದೆ ಸಾರ್. ಇಷ್ಟು ವರ್ಷದಲ್ಲಿ ಒಂದು ಹಾಳೆ ನನ್ನ ಕೈಯಲ್ಲಿ ಕಳೆದಿಲ್ಲ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಕ್ಷಮಿಸಿ ಸಾರ್, ಇನ್ನೊಂದು ಸಲ ನೋಡ್ತೀನಿ," ಎಂದು ಮತ್ತೆ ಏಣಿಗೆ ಕೈ ಹಾಕಿದರು.

ಅವರು ನನ್ನ ಕ್ಷಮೆ ಕೇಳಿದರು. ನಾಚಿಕೆಯಿಂದ ನನಗೆ ಮೈಯೆಲ್ಲ ಬಿಸಿಯಾಯಿತು. ಹಾಗಿದ್ದೂ ನನ್ನ ಬಾಯಿಂದ ಮೊದಲು ಬಂದದ್ದು ಹೇಡಿಯ ಮಾತೇ. "ಬಿಡಿ ಬಿಡಿ, ನನಗೆ ನಂಬರೇ ಬೇಡ, ಹೊರಡ್ತೀವಿ," ಎಂದೆ.

"ನೋಡಿದ್ರಾ ಇವರ ದೊಡ್ಡತನ?" ಎಂದರು ಸಹಾಯಕ ರಿಜಿಸ್ಟ್ರಾರರು. "ಅವರು ಬಿಟ್ರೂ ನಾನು ಬಿಡಲ್ಲ." ಜೇಬಿನಿಂದ ಪೆನ್ನು ತೆಗೆದರು.

"ಹಾಳೆ ಕಳೆದಿಲ್ಲ," ಎಂದೆ.

"ಏನಂದ್ರಿ?"

"ಹಾಳೆ ಕಳೆದಿಲ್ಲ ಸಾರ್. ನಾನು ಇಲ್ಲಿ ಓದಿಲ್ಲ."

ಪೆನ್ನು ಅಲ್ಲೇ ನಿಂತಿತು. "ಬಿ.ಎ.?"

"ಇಲ್ಲ."

"ಮತ್ತೆ ನೀಲಿಯ ಎಂ.ಎ.?"

"ಅದೂ ಇಲ್ಲ. ನಾನು ಓದಿದ್ದು ಹತ್ತನೇ ತರಗತಿ."

ಅವರು ಹರಿದ ಹಾಳೆಯನ್ನೂ ನನ್ನನ್ನೂ ನೋಡಿದರು. "ಮತ್ತೆ ಭಾಷಣ?"

"ಅದನ್ನ ಮಾಡಿದ್ದು ನಿಜ," ಎಂದೆ.

ಪಕ್ಕದ ಮೇಜುಗಳಿಂದ ನಾಲ್ಕೈದು ತಲೆಗಳು ಎದ್ದಿದ್ದವು. ಯಾರೋ ನಗು ತಡೆಯಲಾಗದೆ ಕೆಮ್ಮಿದರು. ಸಹಾಯಕ ರಿಜಿಸ್ಟ್ರಾರರು ಪೆನ್ನು ಜೇಬಿಗಿಟ್ಟು ಹೊರಟುಹೋದರು. ಇಂಗು ತಿಂದ ಮಂಗನ ಹಾಗೆ ನಿಂತಿದ್ದ ನನ್ನ ಮುಂದೆ ಗುಮಾಸ್ತೆ ಮೂರೂ ರಿಜಿಸ್ಟರುಗಳನ್ನು ಒಂದರ ಮೇಲೊಂದು ಇಟ್ಟು, ಅಂಗೈಯಿಂದ ತಟ್ಟಿ ಸರಿಮಾಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

"ಮೂರು ಸಲ ಏಣಿ ಹತ್ತಿದೆನಲ್ಲ," ಎಂದರು. "ಮೊದಲನೇ ಸಲಕ್ಕೇ ಹೇಳಬಾರದಾಗಿತ್ತಾ?"

ಮಗಳು ಅವರ ಕೈಯಿಂದ ರಿಜಿಸ್ಟರುಗಳನ್ನು ತೆಗೆದುಕೊಂಡು ತಾನೇ ಏಣಿ ಹತ್ತಿ ಮೂರನ್ನೂ ಜಾಗಕ್ಕಿಟ್ಟು ಬಂದಳು. ನನ್ನ ಕಡೆ ನೋಡಲಿಲ್ಲ.

ಬಸ್ಸಿನಲ್ಲಿ ನನ್ನ ಪಕ್ಕ ಜಾಗವಿದ್ದರೂ ಅವಳು ಮುಂದಿನ ಸೀಟಿನಲ್ಲಿ ಕೂತಳು. ಇಳಿಯುವಾಗ, "ನಿಮ್ಮ ಚೀಲ ಮರೀತಿದ್ದೀರಿ," ಎಂದಳು. ಹುಟ್ಟಿದಾಗಿನಿಂದ ನನ್ನನ್ನು ನೀನು ಎಂದವಳು ಬಹುವಚನದಲ್ಲಿ ಮಾತಾಡಿದಳು. ಡಬಲ್ ಡಿಗ್ರಿ ಇದ್ದಾಗಲೂ ನನಗೆ ಸಿಗದಿದ್ದ ಮರ್ಯಾದೆ ಅದು. ಬಸ್‌ಸ್ಟಾಪಿನಲ್ಲೇ ಕೂತು ಅಳೋಣವೆನಿಸಿತು.

ಬೀದಿಯ ತಿರುವಿನಲ್ಲಿ ಹೆಡ್‌ಮಾಸ್ಟರು ಎದುರಾದರು. "ಏನು ಡಬಲ್ ಡಿಗ್ರಿ, ಕೆಲಸ ಆಯ್ತಾ?" ಎಂದು ದೂರದಿಂದಲೇ ಕೂಗಿದರು. ಮಗಳು ನಿಂತಳು. ನಾನೇನು ಹೇಳುತ್ತೇನೆಂದು ಕಾಯುತ್ತ ನಿಂತಳು.

"ಮೇಷ್ಟ್ರೇ, ನನಗೆ ಒಂದು ಡಿಗ್ರೀನೂ ಇಲ್ಲ. ಆ ಫೋಟೋ ಸ್ಟುಡಿಯೋದಲ್ಲಿ ಸುಮ್ಮನೆ ತೆಗೆದದ್ದು," ಎಂದೆ.

ಹೆಡ್‌ಮಾಸ್ಟರು ನನ್ನನ್ನು ದಿಟ್ಟಿಸಿ ನೋಡಿದರು. ಅವರ ಕಣ್ಣು ಒದ್ದೆಯಾಯಿತು. "ಇಷ್ಟು ಓದಿದೋರಿಗೆ ಮಾತ್ರ ಹೀಗೆ ಹೇಳೋಕೆ ಬರುತ್ತೆ," ಎಂದು ನನ್ನ ಬೆನ್ನು ತಟ್ಟಿದರು. ಮೂರು ಸಲ ಬಿಡಿಸಿ ಹೇಳಿದೆ. ಹೇಳಿದಷ್ಟೂ ನನ್ನ ವಿನಯ ಹೆಚ್ಚಾಯಿತು. ಕೊನೆಗೆ ಮಗಳು, "ನಿಜ ತಾತ. ಅಪ್ಪ ಸುಳ್ಳು ಹೇಳಿದ್ದು," ಎಂದಳು. ಆಗ ಅವರು ನನ್ನ ಬೆನ್ನ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದುಕೊಂಡರು. ಇಪ್ಪತ್ತೆರಡು ವರ್ಷದ ಗೌರವ ಇಳಿದುಹೋಗಲು ಅಷ್ಟು ಹೊತ್ತು ಸಾಕಾಯಿತು.

ಮನೆಯಲ್ಲಿ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು. "ನನ್ನ ಅಕ್ಕತಂಗಿಯರ ಮುಂದೆ, ಮದುವೆಮನೆಗಳಲ್ಲಿ, ಎಷ್ಟು ಸಲ ಹೇಳಿದ್ದೀನಿ ಗೊತ್ತಾ? ನಮ್ಮೋರು ಓದಿದೋರು, ಆದ್ರೂ ಎಷ್ಟು ಸಾದಾ ಅಂತ," ಎಂದಳು. ಆಮೇಲೆ, "ಹಾಗಾದ್ರೆ ಕಾಲೇಜಿನಲ್ಲಿ ಯಾರೂ ಇರಲಿಲ್ವಾ?" ಎಂದು ಕೇಳಿದಳು. ಇರಲಿಲ್ಲ ಎಂದೆ. ಅದಕ್ಕೂ ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ. ಅಣ್ಣನಿಗೆ ತಾನೇ ಹೇಳುತ್ತೇನೆ, ನೀವು ಆ ಕಡೆ ತಲೆ ಹಾಕಬೇಡಿ ಎಂದಳು. ಅದಕ್ಕಾದರೂ ಅವಳಿಗೆ ಋಣಿಯಾಗಿದ್ದೇನೆ.

ನಾಲ್ಕೂಕಾಲಾಗಿತ್ತು. ಮಗಳು ಸ್ಟುಡಿಯೋದ ಕಂಪ್ಯೂಟರ್ ಮುಂದೆ ಕೂತಿದ್ದಳು. ಎರಡು ವಿಶ್ವವಿದ್ಯಾಲಯಗಳ ಪುಟಗಳೂ ತೆರೆದಿದ್ದವು. ಅವಳ ಕೈ ಆಡುತ್ತಿರಲಿಲ್ಲ. ನಾನು ಬಾಗಿಲಲ್ಲೇ ನಿಂತು, "ನೀಲಿಗೆ ಹೋಗು," ಎಂದೆ.

"ಯಾಕೆ? ಅಲ್ಲೂ ಮೆಟ್ಟಿಲಿದೆಯಾ?"

"ಇದೆಯೋ ಇಲ್ವೋ ಗೊತ್ತಿಲ್ಲಮ್ಮ. ನನಗೆ ಗೊತ್ತಿರೋದು ಮುಖ ಮಾತ್ರ. ಎರಡೂ ಕಡೆ ಕಲ್ಲಿನ ವಿಷಯ ಓದಿದೋರು ಕೆಲಸದ ಅರ್ಜಿಗೆ ಅಂತ ನನ್ನ ಹತ್ತಿರ ಫೋಟೋಗೆ ಬರ್ತಾರೆ. ಕೆಂಪಿನೋರ ಮುಖ ಒಂದೇ ಬಣ್ಣ. ನೀಲಿಯೋರದ್ದು ಹಾಗಲ್ಲ. ಹಣೆ ಬೆಳ್ಳಗೆ, ಅದರ ಕೆಳಗೆಲ್ಲ ಕಪ್ಪಗೆ ಸುಟ್ಟಿರುತ್ತೆ. ಟೋಪಿ ಹಾಕ್ಕೊಂಡು ಬಿಸಿಲಲ್ಲಿ ತಿರುಗಿರ್ತಾರಲ್ಲ. ಅವರಿಗೆ ಲೈಟು ಹೊಂದಿಸೋಕೆ ನನಗೆ ಅರ್ಧ ಗಂಟೆ ಬೇಕು."

ಅವಳು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದಳು. "ಇದು ನಿಜಾನಾ?"

ಮಗಳು ನನ್ನ ಮಾತನ್ನು ನಿಜವೋ ಎಂದು ಪರೀಕ್ಷಿಸಿ ಕೇಳುವ ಸ್ಥಿತಿ ಬಂದಿತ್ತು. "ನಿಜ," ಎಂದೆ.

"ಬುಧವಾರ ಇದನ್ನ ಯಾಕೆ ಹೇಳಲಿಲ್ಲ?"

"ಫೋಟೋದವನ ಮಾತು ಕೇಳೋಕೆ ಅಷ್ಟು ಜನ ಬರ್ತಿದ್ರಾ?"

ಅವಳು ಕೆಂಪಿನ ಪುಟವನ್ನು ಮುಚ್ಚಿದಳು. ನೀಲಿಯ ಅರ್ಜಿಯಲ್ಲಿ ಒಪ್ಪಿಗೆ ಒತ್ತಿದಳು. ಹೆಸರು, ವಿಳಾಸ, ಅಂಕಗಳು ಎಲ್ಲ ತುಂಬಿ ಆದ ಮೇಲೆ ಒಂದು ಕಾಲಂ ಬಂತು: ತಂದೆಯ ವಿದ್ಯಾರ್ಹತೆ. ಒತ್ತಿದರೆ ಆಯ್ಕೆಗಳು ಒಂದರ ಕೆಳಗೊಂದು ತೆರೆದುಕೊಂಡವು. ಮೇಲೆ ಸ್ನಾತಕೋತ್ತರ ಪದವಿ, ಅದರ ಕೆಳಗೆ ಪದವಿ. ಬಾಣದ ಗುರುತು ಅವುಗಳ ಮೇಲಿಂದ ಇಳಿಯುತ್ತ ಬಂದು ಹತ್ತನೇ ತರಗತಿಯ ಮೇಲೆ ನಿಂತಿತು. ಅದರ ಕೆಳಗೆ ಇನ್ನೊಂದೇ ಸಾಲು ಉಳಿದಿತ್ತು: ಹತ್ತನೇ ತರಗತಿಗಿಂತ ಕಡಿಮೆ.

"ಹತ್ತು ಪಾಸಾ, ಫೇಲಾ?" ಎಂದು ಕೇಳಿದಳು. ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಪಾಸು ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಇಷ್ಟಾದ ಮೇಲೂ ಇತ್ತು. ಯಾರು ನೋಡುತ್ತಾರೆ, ಇನ್ನು ಯಾವ ರಿಜಿಸ್ಟರ್ ಇಳಿಸುತ್ತಾರೆ ಎಂದು ಒಳಗಿನಿಂದ ಯಾರೋ ಹೇಳುತ್ತಲೇ ಇದ್ದರು.

"ಫೇಲು," ಎಂದೆ.

"ಎಷ್ಟರಲ್ಲಿ?"

"ಅದಕ್ಕೂ ಕಾಲಂ ಇದೆಯಾ?"

"ಇಲ್ಲ. ನಾನು ಕೇಳ್ತಿದ್ದೀನಿ, ಹೇಳಪ್ಪ."

"ಮೂರರಲ್ಲಿ. ಗಣಿತ, ವಿಜ್ಞಾನ, ಸಮಾಜ."

ನಗುತ್ತಾಳೆಂದು ಆಸೆಪಟ್ಟೆ. ನಗಲಿಲ್ಲ. ಬಾಣದ ಗುರುತನ್ನು ಒಂದು ಸಾಲು ಕೆಳಗಿಳಿಸಿ ಒತ್ತಿದಳು. ಮುಂದಿನ ಕಾಲಂ ತಂದೆಯ ಉದ್ಯೋಗದ್ದು. ಅದನ್ನು ಮಾತ್ರ ಅವಳು ನನ್ನನ್ನು ಕೇಳಲಿಲ್ಲ. ಫೋಟೋಗ್ರಾಫರ್ ಎಂದು ತಾನೇ ಬರೆದಳು.